ಪದವಿಯ ನಂತರದ ಓಟ: ಬಿಲ್ ರಾಜರ್ಸ್ ಮತ್ತು 1975ರ ಬಾಸ್ಟನ್

ಕಾಲೇಜಿನ ಕ್ರೀಡಾಪಟುಗಳಲ್ಲಿ ಬಹುಪಾಲು ಜನರಿಗೆ ಪದವಿ ಪ್ರದಾನದ ದಿನವೇ ನಿವೃತ್ತಿಯ ದಿನವೂ ಆಗಿರುತ್ತದೆ. ಅದುವರೆಗೆ ಮೈದಾನವಿತ್ತು, ತರಬೇತುದಾರನಿದ್ದ, ಹಾಸ್ಟೆಲ್ಲಿನ ಊಟವಿತ್ತು, ಸಂಜೆ ನಾಲ್ಕಕ್ಕೆ ಹಾಜರಾಗಲೇಬೇಕೆಂಬ ವೇಳಾಪಟ್ಟಿಯಿತ್ತು, ಜೊತೆಗೆ ಓಡುವ ಹತ್ತು ಹನ್ನೆರಡು ಗೆಳೆಯರಿದ್ದರು. ಕೈಗೆ ಪದವಿ ಪತ್ರ ಬಂದ ಮರುದಿನ ಇವಾವುವೂ ಇರುವುದಿಲ್ಲ. ಯಾರೂ ಅವನನ್ನು ಓಡಬೇಡವೆಂದು ತಡೆದಿರುವುದಿಲ್ಲ, ಓಡೆಂದು ಹೇಳುವವರು ಮಾತ್ರ ಇಲ್ಲವಾಗಿರುತ್ತಾರೆ. ಕ್ರೀಡೆಯ ಇತಿಹಾಸ ಪದಕ ಗೆದ್ದವರ ಇತಿಹಾಸವಾಗಿರುವುದರಿಂದ, ಹೀಗೆ ಸದ್ದಿಲ್ಲದೆ ನಿಂತುಹೋದವರ ಲೆಕ್ಕ ಅದರಲ್ಲಿ ಸಿಗುವುದಿಲ್ಲ.

ಬೇರೆ ಆಟಗಳಲ್ಲಿ ಇದರಿಂದ ಆಗುವ ನಷ್ಟ ಒಂದು ಬಗೆಯದಾದರೆ, ದೂರದ ಓಟದಲ್ಲಿ ಆಗುವ ನಷ್ಟ ಇನ್ನೊಂದು ಬಗೆಯದು. ನೂರು ಮೀಟರ್ ಓಡುವವನ ವೇಗ ಇಪ್ಪತ್ತರ ಆಸುಪಾಸಿನಲ್ಲಿಯೇ ಬಹುಮಟ್ಟಿಗೆ ಗೊತ್ತಾಗಿಬಿಡುತ್ತದೆ. ದೂರದೋಟಗಾರನ ಶಕ್ತಿ ಹಾಗಲ್ಲ. ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತವನ್ನು ನೂಕುತ್ತದೆ, ಸ್ನಾಯುಗಳ ನಡುವೆ ಸೂಕ್ಷ್ಮ ರಕ್ತನಾಳಗಳು ಎಷ್ಟು ದಟ್ಟವಾಗಿ ಹಬ್ಬಿವೆ, ಜೀವಕೋಶಗಳು ಆಮ್ಲಜನಕವನ್ನು ಎಷ್ಟು ಚೆನ್ನಾಗಿ ಬಳಸಿಕೊಳ್ಳುತ್ತವೆ ಎಂಬವು ವರ್ಷಗಟ್ಟಲೆಯ ಓಟದಿಂದ ನಿಧಾನವಾಗಿ ಬೆಳೆಯುವ ಸಂಗತಿಗಳು. ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಓಡಿ ಮ್ಯಾರಥಾನ್ ಗೆದ್ದಾಗ ಅಬೆಬೆ ಬಿಕಿಲಾಗೆ 28 ವರ್ಷ; 1968ರಲ್ಲಿ ಮೆಕ್ಸಿಕೋದಲ್ಲಿ ಗೆದ್ದ ಮಾಮೊ ವೊಲ್ಡೆಗೆ 36; 1984ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಗೆದ್ದ ಪೋರ್ಚುಗಲ್ಲಿನ ಕಾರ್ಲೋಸ್ ಲೋಪೆಸ್‌ಗೆ 37. ಅಂದರೆ ವಿದ್ಯಾಲಯದ ಪಂಚಾಂಗವೂ ದೇಹದ ಪಂಚಾಂಗವೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಇಪ್ಪತ್ತೆರಡಕ್ಕೆ ವಿದ್ಯಾಲಯ ತನ್ನ ಲೆಕ್ಕ ಮುಗಿಸುವ ಹೊತ್ತಿಗೆ ದೇಹ ಇನ್ನೂ ಅರ್ಧ ದಾರಿಯಲ್ಲಿರುತ್ತದೆ.

ಈ ನಡುವಿನ ಕಂದರವನ್ನು ದಾಟಿದವರಲ್ಲಿ ಅಮೆರಿಕದ ಬಿಲ್ ರಾಜರ್ಸ್‌ನ ಕಥೆ ಅನೇಕ ಕಾರಣಗಳಿಂದ ಗಮನಾರ್ಹವಾದುದು. ಆತ ನಾಲ್ಕು ಬಾರಿ ಬಾಸ್ಟನ್ ಮ್ಯಾರಥಾನ್ ಗೆದ್ದ, ನಾಲ್ಕು ಬಾರಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದ. ಆದರೆ ನಮ್ಮ ಕುತೂಹಲ ಆ ಎಂಟು ಗೆಲುವುಗಳ ಮೇಲಲ್ಲ. 1970ರಲ್ಲಿ ಪದವಿ ಪಡೆದು ಓಟವನ್ನು ಪೂರ್ತಿ ಕೈಬಿಟ್ಟಿದ್ದ, ಸಿಗರೇಟು ಸೇದುತ್ತಿದ್ದ ಯುವಕನೊಬ್ಬ ಐದೇ ವರ್ಷಗಳಲ್ಲಿ ತನ್ನ ದೇಶದ ಅತಿವೇಗದ ಮ್ಯಾರಥಾನ್ ಓಟಗಾರನಾದದ್ದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ.

ರಾಜರ್ಸ್ ಹುಟ್ಟಿದ್ದು 1947ರ ಡಿಸೆಂಬರ್ 23ರಂದು, ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ. ಬೆಳೆದದ್ದು ಸಮೀಪದ ನ್ಯೂಯಿಂಗ್ಟನ್ ಪಟ್ಟಣದಲ್ಲಿ. ಅಣ್ಣ ಚಾರ್ಲಿಯೊಡನೆ ಬಯಲುಗಳಲ್ಲಿ ಚಿಟ್ಟೆ ಹಿಡಿಯಲು ಓಡಾಡಿದ್ದೇ ತನ್ನ ಮೊದಲ ಓಟವೆಂದು ಆತ ಮುಂದೆ ನೆನೆಯುತ್ತಿದ್ದ. ಪ್ರೌಢಶಾಲೆಯಲ್ಲಿ ಒಳ್ಳೆಯ ಓಟಗಾರನೆನಿಸಿಕೊಂಡು, 1966ರಲ್ಲಿ ಅದೇ ರಾಜ್ಯದ ಮಿಡಲ್‌ಟೌನ್‌ನಲ್ಲಿರುವ ವೆಸ್ಲಿಯನ್ ವಿಶ್ವವಿದ್ಯಾಲಯ ಸೇರಿದ. ವೆಸ್ಲಿಯನ್ ಓದಿಗೆ ಹೆಸರಾದ ಸಂಸ್ಥೆ. ಕ್ರೀಡಾ ವಿದ್ಯಾರ್ಥಿವೇತನಗಳಿಂದ ಓಟಗಾರರನ್ನು ಕಲೆಹಾಕುವ ದೊಡ್ಡ ವಿಶ್ವವಿದ್ಯಾಲಯಗಳ ಸಾಲಿನದಲ್ಲ. ಆದರೂ ಒಂದು ಆಕಸ್ಮಿಕದಿಂದ ಆ ಕೆಲವೇ ವರ್ಷಗಳಲ್ಲಿ ಅಲ್ಲಿ ಮೂವರು ಅಸಾಧಾರಣ ಓಟಗಾರರಿದ್ದರು. ಜೆಫ್ ಗ್ಯಾಲೊವೆ ಮುಂದೆ 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಹತ್ತು ಸಾವಿರ ಮೀಟರ್ ಓಟದ ಸ್ಪರ್ಧಿಯಾಗಿ ಹೋದ. ಆಂಬಿ ಬರ್ಫುಟ್ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ 1968ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಗೆದ್ದ. ಮೂರನೆಯವನು ರಾಜರ್ಸ್.

ಬರ್ಫುಟ್ ಮತ್ತು ರಾಜರ್ಸ್ ಒಂದೇ ಕೋಣೆಯಲ್ಲಿದ್ದವರು. ಇಬ್ಬರ ಸ್ವಭಾವ ಎಣ್ಣೆ ಸೀಗೆಕಾಯಿ. ಬರ್ಫುಟ್ ಬೇಗ ಮಲಗಿ ಬೇಗ ಏಳುವ, ಸಸ್ಯಾಹಾರಿಯಾದ, ವಾರಕ್ಕೆ ನೂರು ಮೈಲಿಗೂ ಮಿಕ್ಕಿ ಓಡುವ ವ್ರತಸ್ಥ. ರಾಜರ್ಸ್ ಹೊತ್ತಿಗೊತ್ತಿನ ನೇಮವಿಲ್ಲದವನು. ಮನಸ್ಸಾದರೆ ಓಡುವವನು, ಇಲ್ಲವಾದರೆ ಇಲ್ಲ. ಆದರೆ ಭಾನುವಾರಗಳಂದು ಬರ್ಫುಟ್ ಇಪ್ಪತ್ತು, ಇಪ್ಪತ್ತೈದು ಮೈಲಿಯ ದೀರ್ಘ ಓಟಕ್ಕೆ ಹೊರಟಾಗ, ಯಾವ ಸಿದ್ಧತೆಯೂ ಇಲ್ಲದ ಈ ಕಿರಿಯ ಗೆಳೆಯ ಸರಾಗವಾಗಿ ಜೊತೆಗೂಡಿ ಬರುತ್ತಿದ್ದುದನ್ನು ಕಂಡು ಆತ ಬೆರಗಾಗುತ್ತಿದ್ದ. ಕಾಲೇಜಿನ ದಾಖಲೆ ಪುಸ್ತಕಕ್ಕೆ ಮಾತ್ರ ಈ ಬೆರಗು ಕಾಣಲಿಲ್ಲ. ಅಲ್ಲಿ ಅಳೆಯುತ್ತಿದ್ದುದು ಒಂದು ಮೈಲಿ, ಎರಡು ಮೈಲಿ, ಹೆಚ್ಚೆಂದರೆ ಆರು ಮೈಲಿಯ ಓಟಗಳನ್ನು. ಎರಡು ಮೈಲಿಯಲ್ಲಿ ರಾಜರ್ಸ್‌ನ ಅತ್ಯುತ್ತಮ ಸಮಯ 9 ನಿಮಿಷಕ್ಕೆ ತುಸು ಕಡಿಮೆ. ಚೆನ್ನಾಗಿದೆ ಎನ್ನಬಹುದಾದ, ಆದರೆ ದೇಶದಲ್ಲಿ ಯಾರೂ ತಿರುಗಿ ನೋಡದ ಸಮಯ. ಇಪ್ಪತ್ತೈದು ಮೈಲಿಯ ಕೊನೆಯಲ್ಲಿಯೂ ಉಸಿರು ಕೆಡದ ಗುಣವನ್ನು ಅಳೆಯುವ ಸ್ಪರ್ಧೆ ಕಾಲೇಜಿನ ಕ್ರೀಡೆಯಲ್ಲಿ ಇರಲೇ ಇಲ್ಲ.

1970ರ ವಸಂತದಲ್ಲಿ ರಾಜರ್ಸ್ ಸಮಾಜಶಾಸ್ತ್ರದ ಪದವಿ ಮುಗಿಸುವಾಗ ಅಮೆರಿಕದ ತರುಣರ ತಲೆಯ ಮೇಲೆ ವಿಯೆಟ್ನಾಂ ಯುದ್ಧ ತೂಗುತ್ತಿತ್ತು. 1969ರ ಡಿಸೆಂಬರ್ 1ರಂದು ಹುಟ್ಟಿದ ದಿನಾಂಕಗಳನ್ನು ಚೀಟಿ ಎತ್ತಿ ಸೇನಾ ಭರ್ತಿಯ ಸರದಿಯನ್ನು ನಿರ್ಧರಿಸುವ ಕ್ರಮ ಜಾರಿಗೆ ಬಂದಿತ್ತು. 1970ರ ಮೇ 4ರಂದು ಓಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಆವರಣದಲ್ಲಿ ನ್ಯಾಷನಲ್ ಗಾರ್ಡ್ ಪಡೆಯ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು. ಕಾಲೇಜಿನಲ್ಲಿರುವಷ್ಟು ದಿನ ದೊರೆಯುತ್ತಿದ್ದ ವಿನಾಯಿತಿ ಪದವಿಯೊಂದಿಗೆ ಮುಗಿಯುತ್ತಿತ್ತು. ಹೀಗೆ ಆ ಪೀಳಿಗೆಗೆ ಪದವಿ ಎಂಬುದು ಮೈದಾನದ ಬಾಗಿಲು ಮುಚ್ಚುವುದರ ಜೊತೆಗೆ ಯುದ್ಧದ ಬಾಗಿಲನ್ನು ತೆರೆಯುವ ಘಟನೆಯೂ ಆಗಿತ್ತು.

ರಾಜರ್ಸ್ ಆತ್ಮಸಾಕ್ಷಿಯ ಕಾರಣದಿಂದ ಯುದ್ಧವನ್ನು ನಿರಾಕರಿಸುವವನೆಂದು ತನ್ನನ್ನು ಘೋಷಿಸಿಕೊಂಡ. ಕೊಲ್ಲಲಾರೆನೆಂಬುದನ್ನು ಬರೆದು ಕೊಟ್ಟು, ಪ್ರಶ್ನೆಗಳಿಗೆ ಉತ್ತರಿಸಿ, ಸಮಿತಿಯ ಮುಂದೆ ಅದನ್ನು ಮನಗಾಣಿಸಬೇಕಾಗಿತ್ತು. ಮನವಿಯನ್ನು ಒಪ್ಪಿದರೆ ಎರಡು ವರ್ಷ ಪರ್ಯಾಯ ಸೇವೆ. ಬಾಸ್ಟನ್ನಿನ ಹೊರಗಿನ ಕಾಂಕರ್ಡ್‌ನಲ್ಲಿ ಬಾಳಿದ ಥೋರೊ, ಮೆಕ್ಸಿಕೋ ಯುದ್ಧವನ್ನು ಮತ್ತು ಗುಲಾಮಗಿರಿಯನ್ನು ಬೆಂಬಲಿಸುವ ಸರ್ಕಾರಕ್ಕೆ ತೆರಿಗೆ ಕೊಡಲಾರೆನೆಂದು ಒಂದು ರಾತ್ರಿ ಸೆರೆಮನೆಯಲ್ಲಿದ್ದ ನಾಡು ಅದು. ಆದರೆ ಥೋರೊನ ನಿರಾಕರಣೆಗೆ ಸಾಹಿತ್ಯದ ಪ್ರಭೆಯಿದೆ. ಇಪ್ಪತ್ತೆರಡರ ಪದವೀಧರನೊಬ್ಬನ ನಿರಾಕರಣೆಗೆ ಸಿಕ್ಕಿದ್ದು ಆಸ್ಪತ್ರೆಯೊಂದರ ಕೆಳಹಂತದ ನೌಕರಿ.

ಆ ಆಸ್ಪತ್ರೆ ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್. 1954ರಲ್ಲಿ ಜಗತ್ತಿನ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ನಡೆದ ಖ್ಯಾತಿ ಅದರದು. ರಾಜರ್ಸ್‌ನ ಕೆಲಸದಲ್ಲಿ ಆ ಖ್ಯಾತಿಯ ಪಾಲೇನೂ ಇರಲಿಲ್ಲ. ರೋಗಿಗಳನ್ನು ಗಾಲಿಕುರ್ಚಿಯಲ್ಲಿ, ಸ್ಟ್ರೆಚರಿನಲ್ಲಿ ಒಂದು ವಿಭಾಗದಿಂದ ಇನ್ನೊಂದಕ್ಕೆ ಸಾಗಿಸುವುದು, ಪತ್ರ ಮತ್ತು ಮಾದರಿಗಳನ್ನು ತಲುಪಿಸುವುದು, ತೀರಿಕೊಂಡವರನ್ನು ಶವಾಗಾರಕ್ಕೆ ಒಯ್ಯುವುದು. ಬೆಳಿಗ್ಗೆ ಮಾತನಾಡಿಸಿದ ರೋಗಿಯನ್ನು ಸಂಜೆ ನೆಲಮಾಳಿಗೆಗೆ ಒಯ್ಯಬೇಕಾಗಿ ಬರುತ್ತಿತ್ತು. ಸಂಬಳ ಬಾಡಿಗೆಗೂ ಊಟಕ್ಕೂ ಹೇಗೋ ಸಾಲುವಷ್ಟು. ಓಟ ನಿಂತೇಹೋಗಿತ್ತು. ರಾತ್ರಿ ಬಾರುಗಳಲ್ಲಿ ಕಳೆಯುತ್ತಿದ್ದ, ಸಿಗರೇಟಿನ ಚಟ ಅಂಟಿಕೊಂಡಿತ್ತು, ಓಡಾಡಲು ಟ್ರಯಂಫ್ ಮೋಟಾರ್ ಸೈಕಲ್ಲೊಂದಿತ್ತು.

ಆ ಮೋಟಾರ್ ಸೈಕಲ್ ಕಳುವಾಯಿತು. ಬಸ್ಸಿಗೆ ದುಡ್ಡು ಖರ್ಚುಮಾಡುವುದಕ್ಕಿಂತ ಕಾಲೇ ಮೇಲೆನಿಸಿ ಆತ ಆಸ್ಪತ್ರೆಗೆ ಓಡಿಕೊಂಡು ಹೋಗತೊಡಗಿದ. ಅಮೆರಿಕದ ಪತ್ರಿಕೆಗಳು ಈ ಕಳ್ಳತನದ ಪ್ರಸಂಗವನ್ನು ಬಹಳ ಪ್ರೀತಿಯಿಂದ ಹೇಳುತ್ತವೆ, ಒಬ್ಬ ಅಜ್ಞಾತ ಕಳ್ಳ ಒಬ್ಬ ಚಾಂಪಿಯನ್ನನನ್ನು ಸೃಷ್ಟಿಸಿದನೆಂಬಂತೆ. ಕಥೆಗೆ ಅದು ಚೆನ್ನ, ಇತಿಹಾಸಕ್ಕೆ ಅಷ್ಟು ಸಾಲದು. ಮೋಟಾರ್ ಸೈಕಲ್ ಕಳೆದುಕೊಂಡವರೆಲ್ಲ ಓಡುವುದಿಲ್ಲ. ಆ ಹೊತ್ತಿಗೆ ಆತನೊಳಗೆ ಬೇರೆ ಕೆಲವು ಸಂಗತಿಗಳೂ ಕೂಡಿಕೊಂಡಿದ್ದವು. ದಿನವೂ ಮುರಿದ ದೇಹಗಳನ್ನು ತಳ್ಳಿಕೊಂಡು ಹೋಗುವವನಿಗೆ ತನ್ನ ನೆಟ್ಟಗಿರುವ ದೇಹ ಒಂದು ಬಗೆಯ ಋಣವೆನಿಸಿರಬಹುದು. ಆಸ್ಪತ್ರೆಯ ದಿನಗಳು ತನ್ನನ್ನು ಬದಲಿಸಿದವೆಂದು ಆತನೇ ಹೇಳಿಕೊಂಡಿದ್ದಾನೆ. ಮೇಲಾಗಿ ಆತ ಇದ್ದ ಊರು ಬಾಸ್ಟನ್. ಪ್ರತಿ ಏಪ್ರಿಲ್‌ನಲ್ಲಿ ಪೇಟ್ರಿಯಟ್ಸ್ ಡೇ ರಜೆಯಂದು ಹಾಪ್ಕಿಂಟನ್ ಹಳ್ಳಿಯಿಂದ ನಗರದ ನಡುವಿಗೆ ಮ್ಯಾರಥಾನ್ ಬರುತ್ತದೆ. 1897ರಲ್ಲಿ ಮೊದಲಾದ ಓಟವದು. ರಸ್ತೆಬದಿಯಲ್ಲಿ ನಿಂತು ನೋಡುತ್ತಿದ್ದ ರಾಜರ್ಸ್‌ಗೆ, ತಾನು ಒಮ್ಮೆ ಜೊತೆಯಲ್ಲಿ ಓಡಿದ್ದವರು ಎದುರಿನಿಂದ ಹಾದುಹೋಗುವುದು ಕಾಣುತ್ತಿತ್ತು.

ಹಂಟಿಂಗ್ಟನ್ ರಸ್ತೆಯ ವೈಎಂಸಿಎ ಕಟ್ಟಡದೊಳಗಿನ ಪುಟ್ಟ ಓಟದ ಪಥದಲ್ಲಿ ಸುತ್ತು ಹಾಕುವುದರಿಂದ ಪುನರಾರಂಭವಾಯಿತು. ಸಿಗರೇಟು ಬಿಟ್ಟುಹೋಯಿತು. ಈ ನಡುವೆ ಆಸ್ಪತ್ರೆಯ ಕೆಳಹಂತದ ನೌಕರರ ಸಂಘ ಕಟ್ಟಲು ಯತ್ನಿಸಿ ಆತ ಕೆಲಸ ಕಳೆದುಕೊಂಡ. ನಿರುದ್ಯೋಗಿಯಾಗಿದ್ದಾಗ ಜಮೈಕಾ ಪಾಂಡ್ ಎಂಬ ಕೆರೆಯ ಸುತ್ತ ಒಂದರ ಹಿಂದೊಂದು ಸುತ್ತು ಓಡಿದ. 1972ರ ಸೆಪ್ಟೆಂಬರ್ 10ರಂದು ಮ್ಯೂನಿಕ್‌ನಲ್ಲಿ ಫ್ರಾಂಕ್ ಶಾರ್ಟರ್ ಒಲಿಂಪಿಕ್ ಮ್ಯಾರಥಾನ್ ಗೆದ್ದ. ಶಾರ್ಟರ್ ಕೂಡ ಯೇಲ್ ವಿಶ್ವವಿದ್ಯಾಲಯದಿಂದ 1969ರಲ್ಲಿ ಹೊರಬಂದ ನಂತರವೇ ನಿಜವಾಗಿ ಅರಳಿದವನು. ಫ್ಲಾರಿಡಾದಲ್ಲಿ ಕೀಟಶಾಸ್ತ್ರದ ಸಂಶೋಧನೆ ಮಾಡುತ್ತಿದ್ದ ಜ್ಯಾಕ್ ಬ್ಯಾಚೆಲರ್ ಮತ್ತು ವೆಸ್ಲಿಯನ್ನಿನ ಜೆಫ್ ಗ್ಯಾಲೊವೆ ಆತನ ಜೊತೆಗಾರರು. ಮ್ಯೂನಿಕ್ ಮ್ಯಾರಥಾನ್‌ನಲ್ಲಿ ಅಮೆರಿಕದ ಮೂವರು ಕ್ರಮವಾಗಿ ಒಂದು, ನಾಲ್ಕು ಮತ್ತು ಒಂಬತ್ತನೆಯ ಸ್ಥಾನ ಪಡೆದರು: ಶಾರ್ಟರ್, ಕೆನ್ನಿ ಮೂರ್, ಬ್ಯಾಚೆಲರ್. ಮೂವರೂ ಕಾಲೇಜಿನ ಮೈದಾನವನ್ನು ಹಿಂದೆ ಬಿಟ್ಟು ಬಂದವರು, ಮೂವರೂ ತಮ್ಮ ಓಟಕ್ಕೆ ತಾವೇ ವ್ಯವಸ್ಥೆ ಮಾಡಿಕೊಂಡವರು.

ರಾಜರ್ಸ್‌ನ ಮರಳುವಿಕೆ ಸಲೀಸಾಗಿರಲಿಲ್ಲ. 1973ರ ಏಪ್ರಿಲ್‌ನಲ್ಲಿ ಮೊದಲ ಬಾರಿ ಬಾಸ್ಟನ್ ಮ್ಯಾರಥಾನ್ ಓಡಿದಾಗ ಬಿಸಿಲಿಗೆ ಬಸವಳಿದು ನ್ಯೂಟನ್ ಬೆಟ್ಟಗಳ ಬಳಿ ಓಟ ಬಿಟ್ಟು ಹೊರನಡೆದ. ಕೆಲಕಾಲ ಬೂಟು ಮುಟ್ಟಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಬೇ ಸ್ಟೇಟ್ ಮ್ಯಾರಥಾನನ್ನು 2 ಗಂಟೆ 28 ನಿಮಿಷಗಳಲ್ಲಿ ಗೆದ್ದ. 1974ರ ಬಾಸ್ಟನ್‌ನಲ್ಲಿ 2 ಗಂಟೆ 19 ನಿಮಿಷ 34 ಸೆಕೆಂಡಿನಲ್ಲಿ ಹದಿನಾಲ್ಕನೆಯವನಾಗಿ ಬಂದ. ಹೊಟ್ಟೆಪಾಡಿಗೆ ಬುದ್ಧಿಮಾಂದ್ಯರ ವಸತಿಶಾಲೆಯೊಂದರಲ್ಲಿ ಕೆಲಸ ಹಿಡಿದಿದ್ದ. ಆ ಅನುಭವದಿಂದಲೇ ಪ್ರೇರಿತನಾಗಿ ಬಾಸ್ಟನ್ ಕಾಲೇಜಿನಲ್ಲಿ ವಿಶೇಷ ಶಿಕ್ಷಣದ ಸ್ನಾತಕೋತ್ತರ ಅಧ್ಯಯನಕ್ಕೆ ಸೇರಿಕೊಂಡ.

ಅಲನ್ ಸಿಲ್ಲಿಟೊ ಎಂಬ ಆಂಗ್ಲ ಲೇಖಕ 1959ರಲ್ಲಿ ಬರೆದ, ದೂರದೋಟಗಾರನ ಒಂಟಿತನವನ್ನೇ ಶೀರ್ಷಿಕೆಯಾಗಿಸಿಕೊಂಡ ಕಥೆ ಇಂಗ್ಲಿಷ್ ಓದಿದವರಿಗೆಲ್ಲ ಪರಿಚಿತ. ಅದರಲ್ಲಿ ಬಾಲಾಪರಾಧಿಗಳ ಬಂದೀಖಾನೆಯ ಹುಡುಗನೊಬ್ಬ, ತನ್ನ ಗೆಲುವಿನಿಂದ ಸಂಸ್ಥೆಗೆ ಕೀರ್ತಿ ಬರಲೆಂದು ಕಾದಿರುವ ಅಧಿಕಾರಿಯ ಕಣ್ಣೆದುರಿಗೇ, ಗೆಲುವಿನ ಗೆರೆಯ ಮುಂದೆ ಬೇಕೆಂದೇ ನಿಂತುಬಿಡುತ್ತಾನೆ. ಆ ಕಥೆಯ ಪ್ರಭಾವ ಎಷ್ಟೆಂದರೆ, ದೂರದೋಟವೆಂದರೆ ಒಂಟಿತನವೆಂಬ ಸಮೀಕರಣ ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿಬಿಟ್ಟಿದೆ. ರಾಜರ್ಸ್‌ನಲ್ಲಿಯೂ ಆ ಹುಡುಗನ ಒಂದು ಅಂಶವಿದೆ. ಆತನೂ ಒಂದು ದೊಡ್ಡ ಯಂತ್ರಕ್ಕೆ ಆಗದೆಂದು ಹೇಳಿದವನೇ. ಆದರೆ ಆತನ ಬದುಕಿನ ಮುಂದಿನ ಭಾಗ ಆ ಸಮೀಕರಣವನ್ನು ಸುಳ್ಳಾಗಿಸುತ್ತದೆ. ಒಂಟಿಯಾಗಿ ಕೆರೆ ಸುತ್ತಿದ ವರ್ಷಗಳು ಆತನನ್ನು ಹದಿನಾಲ್ಕನೆಯ ಸ್ಥಾನದವರೆಗೆ ತಂದವು. ಅಲ್ಲಿಂದ ಮುಂದಕ್ಕೆ ಕರೆದೊಯ್ದದ್ದು ಒಂದು ಬಳಗ.

1973ರಲ್ಲಿ ಬಾಸ್ಟನ್ನಿನ ಕೆಲವು ತರುಣರು, ಅವರಲ್ಲಿ ಹೆಚ್ಚಿನವರು ಈಚೆಗಷ್ಟೇ ಕಾಲೇಜು ಮುಗಿಸಿದವರು, ಸೇರಿಕೊಂಡು ಗ್ರೇಟರ್ ಬಾಸ್ಟನ್ ಟ್ರ್ಯಾಕ್ ಕ್ಲಬ್ ಸ್ಥಾಪಿಸಿದರು. ಅವರಿಗೆ ಸ್ವಂತ ಮೈದಾನವಿರಲಿಲ್ಲ, ಸಂಬಳವಿರಲಿಲ್ಲ, ಪ್ರಾಯೋಜಕರಿರಲಿಲ್ಲ. ಇದ್ದದ್ದು ಬಿಲ್ ಸ್ಕ್ವಯರ್ಸ್ ಎಂಬ ತರಬೇತುದಾರ. ಬಾಸ್ಟನ್ ಸ್ಟೇಟ್ ಕಾಲೇಜಿನ ಹುಡುಗರಿಗೆ ತರಬೇತಿ ಕೊಡುತ್ತಿದ್ದ ಆತ ಈ ಪದವೀಧರರನ್ನೂ ಕೈಗೆತ್ತಿಕೊಂಡ. ಮಾತಿನಲ್ಲಿ ಹಾಸ್ಯಗಾರ, ಕೆಲಸದಲ್ಲಿ ಕಟ್ಟುನಿಟ್ಟು. ಸುಮ್ಮನೆ ಮೈಲಿಗಳನ್ನು ಕೂಡಿಹಾಕಿದರೆ ಸಾಲದು, ದೀರ್ಘ ಓಟದ ನಡುವೆಯೇ ಒಮ್ಮೆಗೇ ವೇಗ ಹೆಚ್ಚಿಸಿ ಮತ್ತೆ ಇಳಿಸಿ ದಣಿದ ಕಾಲುಗಳಿಗೆ ಸ್ಪರ್ಧೆಯ ಪಾಠ ಕಲಿಸಬೇಕು ಎಂಬುದು ಅವನ ಪದ್ಧತಿ. ಅದಕ್ಕೆ ಆರಿಸಿಕೊಂಡ ಶಾಲೆ ನ್ಯೂಟನ್ ಬೆಟ್ಟಗಳ ಸಾಲು. ಅವುಗಳಲ್ಲಿ ಕೊನೆಯದು ಇಪ್ಪತ್ತು ಮೈಲಿ ದಾಟಿದ ಮೇಲೆ ಎದುರಾಗುವ, ಎದೆಯೊಡೆಯುವ ಬೆಟ್ಟವೆಂದೇ ಹೆಸರಾದ ಹಾರ್ಟ್‌ಬ್ರೇಕ್ ಹಿಲ್. ರಾಜರ್ಸ್ ಯಾವ ಬೆಟ್ಟಗಳ ಬಳಿ 1973ರಲ್ಲಿ ಸೋತು ನಿಂತಿದ್ದನೋ ಆ ಬೆಟ್ಟಗಳನ್ನೇ ವಾರವಾರವೂ ಹತ್ತಿಳಿದ. ವಾರದ ಓಟ 120 ಮೈಲಿಗೂ ಹೆಚ್ಚಿತು. ಪಕ್ಕದಲ್ಲಿ ಹೆಜ್ಜೆ ಹಾಕುವವರಿದ್ದುದರಿಂದ ಆ 120 ಮೈಲಿ ಬದುಕಿನ ಸಹಜ ಭಾಗವಾಯಿತು.

ಮೊದಲ ಸುಳಿವು ಬಾಸ್ಟನ್‌ನಿಂದಲ್ಲ, ಮೊರಾಕೊದಿಂದ ಬಂತು. 1975ರ ಮಾರ್ಚ್ ತಿಂಗಳಲ್ಲಿ ರಬಾತ್ ನಗರದಲ್ಲಿ ನಡೆದ ವಿಶ್ವ ಕ್ರಾಸ್ ಕಂಟ್ರಿ ಚಾಂಪಿಯನ್‌ಷಿಪ್‌ನಲ್ಲಿ ಬ್ರಿಟನ್ನಿನ ಇಯಾನ್ ಸ್ಟೂವರ್ಟ್ ಗೆದ್ದ, ಸ್ಪೇನಿನ ಮಾರಿಯಾನೊ ಹಾರೊ ಎರಡನೆಯವನಾದ, ಮೂರನೆಯ ಸ್ಥಾನಕ್ಕೆ ಬಂದವನು ಯಾರೂ ನಿರೀಕ್ಷಿಸದಿದ್ದ ಬಿಲ್ ರಾಜರ್ಸ್. ಅದೇ ಸ್ಪರ್ಧೆಯಲ್ಲಿ ಒಲಿಂಪಿಕ್ ಚಾಂಪಿಯನ್ ಶಾರ್ಟರ್ ಬಹಳ ಹಿಂದೆ ಉಳಿದಿದ್ದ. ಆ ಕಾಲದ ಅಮೆರಿಕದ ಅತಿ ಜನಪ್ರಿಯ ಓಟಗಾರ ಸ್ಟೀವ್ ಪ್ರಿಫಾಂಟೇನ್ ಹೊಸದೊಂದು ಬೂಟಿನ ಕಂಪನಿಯಾಗಿದ್ದ ನೈಕಿಯ ಪರವಾಗಿ ರಾಜರ್ಸ್‌ಗೆ ಒಂದು ಜೊತೆ ಬೂಟು ಕಳಿಸಿದ. ಎರಡೇ ತಿಂಗಳಲ್ಲಿ, ಮೇ 30ರಂದು, ಪ್ರಿಫಾಂಟೇನ್ ಕಾರು ಅಪಘಾತದಲ್ಲಿ 24ನೆಯ ವಯಸ್ಸಿಗೇ ತೀರಿಕೊಂಡ. ಅದಕ್ಕೆ ಮೊದಲು ಆ ಬೂಟುಗಳು ತಮ್ಮ ಕೆಲಸ ಮಾಡಿದ್ದವು.

1975ರ ಏಪ್ರಿಲ್ 21, ಸೋಮವಾರ. ತಂಪು ಹವೆ, ಬೆನ್ನ ಹಿಂದಿನ ಗಾಳಿ. ರಾಜರ್ಸ್ ತೊಟ್ಟಿದ್ದುದು ಬಾಸ್ಟನ್ ಮತ್ತು ಕ್ಲಬ್ಬಿನ ಹೆಸರಿನ ಮೊದಲಕ್ಷರಗಳನ್ನು ಕೈಯಲ್ಲೇ ಬರೆದ ಬಿಳಿ ಬನಿಯನ್ನಿನಂಥ ಅಂಗಿ. ಕೈಗೆ ತೋಟದ ಕೆಲಸಕ್ಕೆ ಹಾಕಿಕೊಳ್ಳುವಂಥ ಬಿಳಿ ಕೈಗವಸು. ತುಸು ದೂರದವರೆಗೆ ಕೆನಡಾದ ಜೆರೋಮ್ ಡ್ರೇಟನ್ ಜೊತೆಜೊತೆಗೇ ಇದ್ದ. ದಾರಿಬದಿಯಲ್ಲಿದ್ದ ಒಬ್ಬ ಪ್ರೇಕ್ಷಕ ಕೆನಡಾದವನನ್ನು ಹುರಿದುಂಬಿಸಿ ಕೂಗಿದನಂತೆ. ತನ್ನ ಊರಿನ ರಸ್ತೆಯಲ್ಲಿ ಆ ಕೂಗು ಕೇಳಿದ ರಾಜರ್ಸ್ ಕೆರಳಿ ಮುನ್ನುಗ್ಗಿದ, ಡ್ರೇಟನ್ ಹಿಂದೆ ಸರಿದ. ಅಲ್ಲಿಂದ ಮುಂದೆ ಆತನಿಗೆ ಎದುರಾಳಿಯೇ ಇರಲಿಲ್ಲ. ಓಡುತ್ತಾ ನೀರು ಕುಡಿಯುವುದು ಆತನಿಗೆ ಒಗ್ಗುತ್ತಿರಲಿಲ್ಲವಾದ್ದರಿಂದ ನಾಲ್ಕು ಬಾರಿ ನಿಂತು ನೀರು ಕುಡಿದ. ಬೂಟಿನ ಲಾಡಿ ಕಟ್ಟಲು ಇನ್ನೊಮ್ಮೆ ನಿಂತ. ಹೀಗೆ ಐದು ಬಾರಿ ನಿಂತೂ 2 ಗಂಟೆ 9 ನಿಮಿಷ 55 ಸೆಕೆಂಡಿನಲ್ಲಿ ಗುರಿ ಮುಟ್ಟಿದ. ಎರಡನೆಯವನು ಬಂದದ್ದು ಸುಮಾರು ಎರಡು ನಿಮಿಷಗಳ ನಂತರ.

ಆ ಅಂಕಿಗಳ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬ್ರಿಟನ್ನಿನ ರಾನ್ ಹಿಲ್ 1970ರಲ್ಲಿ ಸ್ಥಾಪಿಸಿದ್ದ ಬಾಸ್ಟನ್ ದಾಖಲೆ 2 ಗಂಟೆ 10 ನಿಮಿಷ 30 ಸೆಕೆಂಡು. ಶಾರ್ಟರ್ 1972ರ ಡಿಸೆಂಬರಿನಲ್ಲಿ ಜಪಾನಿನ ಫುಕುವೊಕಾದಲ್ಲಿ ಸ್ಥಾಪಿಸಿದ್ದ ಅಮೆರಿಕದ ದಾಖಲೆಯೂ ಕಾಕತಾಳೀಯವಾಗಿ ಅಷ್ಟೇ. ಎರಡೂ ಒಂದೇ ಓಟದಲ್ಲಿ 35 ಸೆಕೆಂಡುಗಳಿಂದ ಮುರಿದವು. ಅದಕ್ಕಿಂತ ಹೆಚ್ಚಾಗಿ, ಹಿಂದಿನ ವರ್ಷ ಇದೇ ದಾರಿಯಲ್ಲಿ ತಾನು ತೆಗೆದುಕೊಂಡಿದ್ದ ಸಮಯಕ್ಕಿಂತ 9 ನಿಮಿಷ 39 ಸೆಕೆಂಡು ಕಡಿಮೆ ಸಮಯದಲ್ಲಿ ರಾಜರ್ಸ್ ಓಡಿದ್ದ. ಮೈಲಿಯೊಂದಕ್ಕೆ ಸರಾಸರಿ 22 ಸೆಕೆಂಡಿನಷ್ಟು ಉಳಿತಾಯ. ಮೇಲುಮಟ್ಟದ ಮ್ಯಾರಥಾನ್‌ನಲ್ಲಿ ಒಂದು ನಿಮಿಷದ ಸುಧಾರಣೆಗಾಗಿ ವರ್ಷವಿಡೀ ದುಡಿಯುವವರಿದ್ದಾರೆ. ತನ್ನ ಸಮಯವನ್ನು ಕೇಳಿದಾಗ ರಾಜರ್ಸ್ ಮೊದಲು ನಂಬಲಿಲ್ಲ. ಅಷ್ಟು ವೇಗವಾಗಿ ತಾನು ಓಡಲಾರೆನೆಂದೇ ಹೇಳಿದ.

ಹೊರಗಿನಿಂದ ನೋಡಿದರೆ ಇದು ಪವಾಡದಂತೆ ಕಾಣುತ್ತದೆ. ಆದರೆ ಲೆಕ್ಕವನ್ನು ಒಂದೊಂದಾಗಿ ಜೋಡಿಸಿದರೆ ಪವಾಡ ಕರಗಿಹೋಗುತ್ತದೆ. ಬರ್ಫುಟ್‌ನೊಂದಿಗೆ ಭಾನುವಾರಗಳಲ್ಲಿ ಓಡಿದ ಮೈಲಿಗಳು ದೇಹದಲ್ಲಿ ಮೂಲಧನವಾಗಿ ಉಳಿದಿದ್ದವು. ಬಿಟ್ಟ ಎರಡು ವರ್ಷಗಳಲ್ಲಿ ಬಡ್ಡಿ ನಿಂತಿತು, ಮೂಲಧನ ಪೂರ್ತಿ ಕರಗಲಿಲ್ಲ. ಆಮೇಲಿನ ಮೂರು ವರ್ಷ ಬಿಡದೆ ಓಡಿದ. ಕೊನೆಯ ಸುಮಾರು ಒಂದೂವರೆ ವರ್ಷ ಬಳಗದ ನಡುವೆ, ಬಲ್ಲವನೊಬ್ಬನ ಕಣ್ಣಳತೆಯಲ್ಲಿ ಓಡಿದ. ವಯಸ್ಸು 27ಕ್ಕೆ ಬಂದಿತ್ತು. ದೇಹದ ಪಂಚಾಂಗ ತನ್ನ ಮುಹೂರ್ತಕ್ಕೆ ಸರಿಯಾಗಿ ಬಂದಿತ್ತು. ಆ ಮುಹೂರ್ತದವರೆಗೆ ಓಟಗಾರ ಓಟದಲ್ಲಿಯೇ ಇದ್ದನೆಂಬುದೇ ವಿಶೇಷ.

ಗೆದ್ದವನಿಗೆ ಸಿಕ್ಕಿದ್ದೇನು? ಪದಕ, ತಲೆಗೆ ಲಾರೆಲ್ ಎಲೆಗಳ ಕಿರೀಟ, ಓಟ ಮುಗಿಸಿದವರಿಗೆಲ್ಲ ಕೊಡುವ ಒಂದು ಬಟ್ಟಲು ದನದ ಮಾಂಸದ ಸಾರು. ಬಾಸ್ಟನ್ ಮ್ಯಾರಥಾನ್ ಬಹುಮಾನದ ಹಣ ಕೊಡಲು ಆರಂಭಿಸಿದ್ದು 1986ರಲ್ಲಿ. ಆಗಿನ ಹವ್ಯಾಸಿ ನಿಯಮದ ಪ್ರಕಾರ ಓಟದಿಂದ ಬಹಿರಂಗವಾಗಿ ಒಂದು ಡಾಲರ್ ಪಡೆದರೂ ಒಲಿಂಪಿಕ್ಸ್ ಬಾಗಿಲು ಮುಚ್ಚುತ್ತಿತ್ತು. ಈ ನಿಯಮ ಹುಟ್ಟಿದ್ದು ದುಡಿಮೆಯ ಹಂಗಿಲ್ಲದ ವಿಕ್ಟೋರಿಯನ್ ಯುಗದ ಸಿರಿವಂತರ ಕ್ರೀಡಾಂಗಣಗಳಲ್ಲಿ. ಅದರ ಭಾರ ಬಿದ್ದದ್ದು ದುಡಿದು ಓಡಬೇಕಾದವರ ಮೇಲೆ. ದೇಶದ ಅತಿವೇಗದ ಮ್ಯಾರಥಾನ್ ಓಟಗಾರ ಹಗಲೆಲ್ಲ ವಿಶೇಷ ಮಕ್ಕಳಿಗೆ ಪಾಠ ಹೇಳಿ, ಬೆಳಿಗ್ಗೆ ಸಂಜೆ ನ್ಯೂ ಇಂಗ್ಲೆಂಡಿನ ಹಿಮದಲ್ಲಿ ಓಡಿ ಒಲಿಂಪಿಕ್ಸ್‌ಗೆ ಸಿದ್ಧನಾಗಬೇಕಾಗಿತ್ತು. 1977ರಲ್ಲಿ ಅಣ್ಣನೊಡನೆ ಓಟದ ಬೂಟು ಮತ್ತು ಉಡುಪಿನ ಅಂಗಡಿಯೊಂದನ್ನು ತೆರೆದ ಮೇಲೆಯೇ ಆತನಿಗೆ ಓಟದ ಸುತ್ತಲಿನ ಜೀವನೋಪಾಯ ಸಿಕ್ಕಿತು.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರಾಜರ್ಸ್ ಸೋತ. ಪಾದದ ನೋವಿನೊಡನೆ ಓಡಿ 2 ಗಂಟೆ 25 ನಿಮಿಷಗಳಲ್ಲಿ ನಲವತ್ತನೆಯವನಾದ. ಅಂದು ಪೂರ್ವ ಜರ್ಮನಿಯ ವಾಲ್ಡೆಮಾರ್ ಚೆರ್ಪಿನ್‌ಸ್ಕಿ ಗೆದ್ದದ್ದು 2 ಗಂಟೆ 9 ನಿಮಿಷ 55 ಸೆಕೆಂಡಿನಲ್ಲಿ. ಸರಿಯಾಗಿ ರಾಜರ್ಸ್‌ನ ಬಾಸ್ಟನ್ ಸಮಯ. ಆ ಸ್ಪರ್ಧೆಯ ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಗಮನಕ್ಕೆ ಬರಬೇಕಾದ ಇನ್ನೊಂದು ಹೆಸರಿದೆ. ಹನ್ನೊಂದನೆಯ ಸ್ಥಾನದಲ್ಲಿ ಭಾರತದ ಶಿವನಾಥ ಸಿಂಗ್, 2 ಗಂಟೆ 16 ನಿಮಿಷ 22 ಸೆಕೆಂಡು. ಬಿಹಾರದ ಬಕ್ಸರ್ ಕಡೆಯ ಹಳ್ಳಿಯಿಂದ ಬಂದು ಸೇನೆ ಸೇರಿದ್ದ ಈ ಯೋಧ 1974ರ ಟೆಹ್ರಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಐದು ಸಾವಿರ ಮೀಟರ್ ಚಿನ್ನ ಗೆದ್ದಿದ್ದ. 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷಗಳಲ್ಲಿ ಮ್ಯಾರಥಾನ್ ಓಡಿ ಸ್ಥಾಪಿಸಿದ ರಾಷ್ಟ್ರೀಯ ದಾಖಲೆ ದಶಕಗಟ್ಟಲೆ ಅಳಿಯದೆ ಉಳಿಯಿತು. ಒಂದೇ ರಸ್ತೆಯಲ್ಲಿ ಅಂದು ಓಡಿದ ಇಬ್ಬರಲ್ಲಿ ಒಬ್ಬ ಸೇನೆಗೆ ಸೇರಲಾರೆನೆಂದು ನಿರಾಕರಿಸಿ ಗೆಳೆಯರ ಕ್ಲಬ್ಬಿನಲ್ಲಿ ಬೆಳೆದವನು, ಇನ್ನೊಬ್ಬ ಸೇನೆಗೆ ಸೇರಿದ್ದರಿಂದಲೇ ಓಟಗಾರನಾಗಿ ಉಳಿದವನು. ದಾರಿಗಳು ಬೇರೆ. ಆದರೆ ಇಬ್ಬರಿಗೂ ಇಪ್ಪತ್ತರ ನಂತರದ ವರ್ಷಗಳಲ್ಲಿ ಕಾಲೂರಲು ಒಂದು ನೆಲೆಯಿತ್ತು ಎಂಬುದು ಸಮಾನ.

ಮಾಂಟ್ರಿಯಲ್ ಸೋಲಿನ ಮೂರೇ ತಿಂಗಳಿಗೆ, ಅಕ್ಟೋಬರಿನಲ್ಲಿ, ಅದುವರೆಗೆ ಸೆಂಟ್ರಲ್ ಪಾರ್ಕಿನೊಳಗೆ ಸುತ್ತು ಹಾಕುತ್ತಿದ್ದ ನ್ಯೂಯಾರ್ಕ್ ಮ್ಯಾರಥಾನ್ ಮೊದಲ ಬಾರಿಗೆ ನಗರದ ಐದೂ ಭಾಗಗಳ ಬೀದಿಗಳಿಗೆ ಬಂತು. ರಾಜರ್ಸ್ 2 ಗಂಟೆ 10 ನಿಮಿಷ 10 ಸೆಕೆಂಡಿನಲ್ಲಿ ಗೆದ್ದ; ಶಾರ್ಟರ್ ಎರಡನೆಯವನು. ಗೆದ್ದವನು ತಿರುಗಿ ಬಂದು ನೋಡಿದರೆ ಆತನ ಕಾರನ್ನು ಪೊಲೀಸರು ಎಳೆದೊಯ್ದಿದ್ದರು. ಮುಂದಿನ ಮೂರು ವರ್ಷವೂ ಆತನೇ ಅಲ್ಲಿ ಗೆದ್ದ. ಬಾಸ್ಟನ್ನಿನಲ್ಲಿ 1978, 1979 ಮತ್ತು 1980ರ ಗೆಲುವುಗಳು ಬಂದವು. ಅಮೆರಿಕದ ಬೀದಿಗಳಲ್ಲಿ ಜನಸಾಮಾನ್ಯರು ಓಡತೊಡಗಿದ ಆ ದಶಕಕ್ಕೆ, ಭುಜದ ಮೇಲೆ ಹೊಂಬಣ್ಣದ ಕೂದಲು ಹಾರಿಸಿಕೊಂಡು ಓಡುತ್ತಿದ್ದ ಈ ಸರಳ ವ್ಯಕ್ತಿಯೇ ಮುಖವಾದ.

ಆ ಗೆಲುವುಗಳಲ್ಲಿ ನನಗೆ ಅತ್ಯಂತ ಅರ್ಥಪೂರ್ಣವಾಗಿ ಕಾಣುವುದು 1979ರ ಬಾಸ್ಟನ್. ಅಂದು ರಾಜರ್ಸ್ 2 ಗಂಟೆ 9 ನಿಮಿಷ 27 ಸೆಕೆಂಡಿನಲ್ಲಿ ತನ್ನದೇ ದಾಖಲೆಯನ್ನು ಮುರಿದು ಗೆದ್ದ ಎಂಬ ಕಾರಣಕ್ಕಲ್ಲ. ಮೊದಲ ಹತ್ತು ಸ್ಥಾನಗಳಲ್ಲಿ ನಾಲ್ಕು ಗ್ರೇಟರ್ ಬಾಸ್ಟನ್ ಕ್ಲಬ್ಬಿನವು: ರಾಜರ್ಸ್ ಮೊದಲನೆಯವನು, ಬಾಬ್ ಹಾಜ್ ಮೂರನೆಯವನು, ರ‍್ಯಾಂಡಿ ಥಾಮಸ್ ಎಂಟನೆಯವನು, ಡಿಕ್ ಮಹೋನಿ ಹತ್ತನೆಯವನು. ಮಹೋನಿ ವೃತ್ತಿಯಿಂದ ಅಂಚೆ ಬಟವಾಡೆಯವನು. ಹಗಲು ಕಾಲ್ನಡಿಗೆಯಲ್ಲಿ ಪತ್ರ ಹಂಚಿ ಉಳಿದ ಹೊತ್ತಿನಲ್ಲಿ ಓಡುತ್ತಿದ್ದವನು. ಜಗತ್ತಿನ ಅತಿ ಹಳೆಯ ವಾರ್ಷಿಕ ಮ್ಯಾರಥಾನ್‌ನಲ್ಲಿ ಒಂದೇ ಊರಿನ, ಒಂದೇ ಸಂಬಳವಿಲ್ಲದ ಕ್ಲಬ್ಬಿನ ನಾಲ್ವರು ಮೊದಲ ಹತ್ತರೊಳಗೆ ಬಂದಾಗ ಅದನ್ನು ಒಬ್ಬನ ಪ್ರತಿಭೆಯಿಂದ ವಿವರಿಸಲಾಗದು. ಅಲ್ಲೊಂದು ನೆಲ ಹದವಾಗಿತ್ತು. ಅದೇ ನೆಲದಿಂದ ಮುಂದೆ ಆಲ್ಬರ್ಟೊ ಸಲಜಾರ್ ಮತ್ತು ಗ್ರೆಗ್ ಮೇಯರ್ ಎದ್ದು ಬಂದು 1982ರಲ್ಲಿ ಮತ್ತು 1983ರಲ್ಲಿ ಬಾಸ್ಟನ್ ಗೆದ್ದರು.

ಆ ಹದ ಶಾಶ್ವತವಾಗಿರಲಿಲ್ಲ. ಬಹುಮಾನದ ಹಣ ಬಂತು, ಬೂಟಿನ ಕಂಪನಿಗಳ ಒಪ್ಪಂದಗಳು ಬಂದವು. ಓಟಗಾರರು ತಂತಮ್ಮ ಒಪ್ಪಂದಗಳೊಂದಿಗೆ ಬೇರೆಬೇರೆಯಾಗಿ ತರಬೇತಿ ಪಡೆಯತೊಡಗಿದರು. ಹಣ ಬಂದದ್ದು ನ್ಯಾಯವೇ ಆಗಿತ್ತು, ಆದರೆ ಹಣವೊಂದೇ ಓಟಗಾರರನ್ನು ಬೆಳೆಸಲಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್ ಮ್ಯಾರಥಾನಿಗೆ ಇಡೀ ಅಮೆರಿಕದಿಂದ ಹೋದವರು ಒಬ್ಬ ಪುರುಷ, ಒಬ್ಬ ಮಹಿಳೆ ಮಾತ್ರ. ಆಗ ಅಲ್ಲಿನವರು ಮತ್ತೆ ಹಳೆಯ ಪಾಠಕ್ಕೇ ಮರಳಿ, ಕಾಲೇಜು ಮುಗಿಸಿದ ಓಟಗಾರರನ್ನು ಒಂದೇ ಸೂರಿನಡಿ ಇಟ್ಟು ಒಟ್ಟಿಗೆ ಓಡಿಸುವ ತಂಡಗಳನ್ನು ಕಟ್ಟಿದರು. ಮಿಶಿಗನ್ನಿನಲ್ಲಿ ಹ್ಯಾನ್ಸನ್ ಸೋದರರು ಕಟ್ಟಿದ ಅಂಥದೊಂದು ತಂಡದಲ್ಲಿ ಬೆಳೆದ ಡಿಸೈರಿ ಲಿಂಡೆನ್ 2018ರಲ್ಲಿ, ಸುರಿವ ಮಳೆಯಲ್ಲಿ, ತನ್ನ 34ನೆಯ ವಯಸ್ಸಿನಲ್ಲಿ ಬಾಸ್ಟನ್ ಗೆದ್ದಳು.

ನಮ್ಮಲ್ಲಿ ಈ ನಡುವಿನ ವರ್ಷಗಳ ಭಾರವನ್ನು ಹೊತ್ತಿರುವುದು ಸೇನೆ, ರೈಲ್ವೆ, ಪೊಲೀಸ್ ಮತ್ತು ಸರ್ಕಾರಿ ಇಲಾಖೆಗಳು. ಕ್ರೀಡಾ ಮೀಸಲಿನಡಿ ಬಂದ ಸಹೋದ್ಯೋಗಿಗಳನ್ನು ಕಂಡಿರುವ ಸರ್ಕಾರಿ ನೌಕರನಾಗಿ ಆ ವ್ಯವಸ್ಥೆಯ ಬೆಲೆಯನ್ನು ನಾನು ಬಲ್ಲೆ. ಅದಿಲ್ಲದಿದ್ದರೆ ಶಿವನಾಥ ಸಿಂಗರಂಥವರು ನಮಗೆ ಸಿಗುತ್ತಲೇ ಇರಲಿಲ್ಲ. ಆದರೆ ಆ ಬಾಗಿಲು ತೆರೆಯುವುದು ಈಗಾಗಲೇ ಪದಕ ಗೆದ್ದು ಪ್ರಮಾಣಪತ್ರ ಹಿಡಿದು ಬಂದವರಿಗೆ. ಇಪ್ಪತ್ತೆರಡಕ್ಕೆ ಪ್ರಮಾಣಪತ್ರವಿಲ್ಲದ, ಆದರೆ ಇಪ್ಪತ್ತೇಳಕ್ಕೆ ಅರಳಬಹುದಾದ ಓಟಗಾರ ಯಾವ ನಮೂನೆಯಲ್ಲಿಯೂ ಅರ್ಜಿ ಹಾಕಲಾರ. 1970ರ ರಾಜರ್ಸ್ ನಮ್ಮ ಯಾವ ಕಚೇರಿಯ ಆಯ್ಕೆ ಸಮಿತಿಯ ಮುಂದೆ ನಿಂತಿದ್ದರೂ ತಿರಸ್ಕೃತನಾಗುತ್ತಿದ್ದ, ಅದೂ ನಿಯಮಾನುಸಾರವಾಗಿಯೇ.

2004ರಲ್ಲಿ ಮುಂಬಯಿ ಮ್ಯಾರಥಾನ್ ಈಗಿನ ರೂಪದಲ್ಲಿ ಆರಂಭವಾಯಿತು, 2008ರಲ್ಲಿ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ. ಅವುಗಳ ಬೆನ್ನಲ್ಲೇ ನಮ್ಮ ನಗರಗಳಲ್ಲಿ ಓಟದ ಬಳಗಗಳು ಹುಟ್ಟಿಕೊಂಡಿವೆ. ಭಾನುವಾರದ ನಸುಕಿನಲ್ಲಿ ಅಧಿಕಾರಿಗಳು, ಬ್ಯಾಂಕಿನವರು, ಸಾಫ್ಟ್‌ವೇರಿನವರು ಆರೋಗ್ಯಕ್ಕಾಗಿ ಓಡುತ್ತಾರೆ; ಅದು ಸಂತೋಷದ ಸಂಗತಿ. ಈ ಬಳಗಗಳಿಗೆ ದುಡ್ಡಿದೆ, ತರಬೇತುದಾರರಿದ್ದಾರೆ, ದಾರಿಗಳ ಪರಿಚಯವಿದೆ. ಊರಿನ ಕಾಲೇಜಿನಿಂದ ಈ ವರ್ಷ ಹೊರಬಿದ್ದ, ಅಂತರ ಕಾಲೇಜು ಕೂಟದಲ್ಲಿ ನಾಲ್ಕನೆಯದೋ ಐದನೆಯದೋ ಸ್ಥಾನ ಪಡೆದು ಮರೆತುಹೋಗುತ್ತಿರುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಇಂಥ ಪ್ರತಿಯೊಂದು ಬಳಗವೂ ಐದು ವರ್ಷ ತನ್ನ ಜೊತೆ ಓಡಿಸಿಕೊಂಡರೆ, ಅವರ ಬೂಟಿನ, ಬಸ್ಸಿನ, ಹಾಲಿನ ಖರ್ಚು ನೋಡಿಕೊಂಡರೆ, ಬಾಸ್ಟನ್ನಿನ ಆ ಪದವೀಧರರು ಮಾಡಿದ್ದಕ್ಕಿಂತ ಹೆಚ್ಚಿನದೇನನ್ನೂ ಮಾಡಿದಂತಾಗುವುದಿಲ್ಲ. ಅವರಲ್ಲಿ ಯಾರು ರಾಜರ್ಸ್ ಎಂದು ಮೊದಲೇ ಹೇಳಲು ಸ್ಕ್ವಯರ್ಸ್‌ಗೂ ಸಾಧ್ಯವಾಗಿರಲಿಲ್ಲ. ಎಲ್ಲರನ್ನೂ ಓಡಿಸಿದ್ದರಿಂದಲೇ ಅದು ಗೊತ್ತಾಯಿತು.